ಒಂದನೇ ನಂಬರಿನ ಹಾಜರಿ

"ಒಂದು," ಎಂದು ಕೂಗಿ ಅವಳು ತಲೆಯೆತ್ತದೆ ಕಾದಳು. ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು. ಆ ಕಾಲೇಜಿನ ರೂಢಿ ಅದು. ಮೊದಲ ವರ್ಷದ ತರಗತಿಯಲ್ಲಿ, ದಿನದ ಮೊದಲ ಪೀರಿಯಡ್ಡಿನಲ್ಲಿ, ಒಂದನೇ ನಂಬರು ಯಾವ ಹುಡುಗಿಗೂ ಸೇರಿದ್ದಲ್ಲ. ಹೆಸರಿನ ಜಾಗ ಖಾಲಿ. ಆದರೂ ಕೂಗಬೇಕು, ಒಂದು ಉಸಿರು ಕಾಯಬೇಕು, ಹಾಜರಿ ಹಾಕಬೇಕು, ಆಮೇಲೆ ಎರಡಕ್ಕೆ ಹೋಗಬೇಕು. ಆರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ದಿನ ರಿಜಿಸ್ಟರನ್ನು ಕೈಗಿತ್ತ ಗುಮಾಸ್ತ, "ಯಾಕೆ ಅಂತ ಕೇಳ್ಬೇಡಿ ಮೇಡಂ, ನನಗೆ ಹಿಂದಿನವರು ಹೇಳಿದ್ದೂ ಇಷ್ಟೇ," ಎಂದಿದ್ದ. ಅವಳು ಕೇಳಿರಲಿಲ್ಲ. ಗಂಡ ಹೋಗಿ ಆಗಿನ್ನೂ ಎರಡು ತಿಂಗಳು. ಯಾರು ಏನು ಹೇಳಿದರೂ ಕಿವಿಯಲ್ಲಿ ಹತ್ತಿ ತುರುಕಿಕೊಂಡವಳ ಹಾಗೆ ತಲೆಯಾಡಿಸಿ ಹಾಗೇ ಮಾಡುತ್ತಿದ್ದಳು. ಇವತ್ತು, ಪೆನ್ನು ಖಾಲಿ ಚೌಕದ ಮೇಲೆ ನಿಂತಿರುವಾಗ, ತಲೆಯ ಮೇಲೆ ಒಂದು ಸದ್ದು ಕೇಳಿಸಿತು. ಟಕ್. ಒಣಮರದ ಮೇಲೆ ಒಣಮರ ಬಡಿದಂತೆ, ಒಂದೇ ಸಲ. ಹೊಸ ಸದ್ದೇನಲ್ಲ, ಅದು ಆರು ತಿಂಗಳಿಂದ ದಿನಾ ಕೇಳಿಸುತ್ತಲೇ ಇತ್ತು ಎಂಬುದು ಅವಳಿಗೆ ಈಗ ಹೊಳೆಯಿತು. ಹಳೆ ಮನೆ, ಬಿಸಿಲಿಗೆ ತೊಲೆಗಳು ಮೈ ಮುರಿಯುತ್ತವೆ ಎಂದು ಕಿವಿ ಅದನ್ನು ಪಕ್ಕಕ್ಕಿಟ್ಟಿತ್ತು. ಆದರೆ ಬಿಸಿಲು ಒಂಬತ್ತು ಗಂಟೆ ಐದು ನಿಮಿಷಕ್ಕೆ ಸರಿಯಾಗಿ, ತಾನು ಕೂಗಿದ ಮೇಲೆಯೇ, ಮನೆಯ ಮೈ ಮುರಿಸುತ್ತದೆಯೆ?

"ಮೇಡಂ, ನಂಬರ್ ಒನ್‌ಗೆ ನೂರಕ್ಕೆ ನೂರು ಅಟೆಂಡೆನ್ಸ್. ನಮಗೆ ಮಾತ್ರ ಶಾರ್ಟೇಜ್!" ಹಿಂದಿನ ಬೆಂಚಿನಿಂದ ಯಾರೋ ಅಂದಳು. ಹುಡುಗಿಯರು ನಕ್ಕರು. ಅವಳೂ ನಗಬೇಕೆಂದುಕೊಂಡಳು, ತುಟಿಯ ಒಂದು ಮೂಲೆ ಮಾತ್ರ ಒಪ್ಪಿತು. ಆ ಹಜಾರದಲ್ಲಿ ಒಂದು ಕಾಲಕ್ಕೆ ಮನೆಯ ಗಂಡಸರು ಅತಿಥಿಗಳನ್ನು ಕೂರಿಸಿಕೊಳ್ಳುತ್ತಿದ್ದರಂತೆ. ಎತ್ತರದ ಕಿಟಕಿಗಳ ಬಣ್ಣದ ಗಾಜಿನಿಂದ ಕೆಂಪು ಹಸಿರು ಬೆಳಕು ಬಿದ್ದು, ಪಾಠ ಮುಂದುವರಿದಂತೆ ಹುಡುಗಿಯರ ಮುಖದಿಂದ ಮುಖಕ್ಕೆ ಸರಿಯುತ್ತಿತ್ತು; ಒಬ್ಬಳ ಕೆನ್ನೆ ಸುಟ್ಟಂತೆ ಕೆಂಪಗೆ, ಪಕ್ಕದವಳ ಹಣೆ ನೀರಲ್ಲಿ ಮುಳುಗಿದವಳಂತೆ ಹಸಿರು. ಚಾವಣಿಯ ನಡುವೆ ಗಾರೆಯ ದೊಡ್ಡ ಹೂವು. ಹೂವಿನ ಹೊಟ್ಟೆಯಲ್ಲಿ ಅಂಗೈಯಗಲದ ತೂತು. ಹಿಂದೆ ಅದರಿಂದ ತೂಗುದೀಪದ ಸರಪಳಿ ಇಳಿಬಿದ್ದಿತ್ತು. ದೀಪ ಮಾರಿ ಬೆಂಚು ಮಾಡಿಸಿದರು ಎಂದು ಕಾಲೇಜಿನ ಇತಿಹಾಸಕ್ಕೆ ಅವಳೇ ಮೊನ್ನೆ ಬರೆದಿದ್ದಳು. ತೂತಿಗೆ ಮೇಲಿನಿಂದ ಹಲಗೆ ಮುಚ್ಚಿತ್ತು. ಆ ಹಲಗೆಯ ಅಂಚಿನಿಂದ ಧೂಳು ಸಣ್ಣಗೆ, ಉಪ್ಪಿನಂತೆ, ಅವಳ ರಿಜಿಸ್ಟರಿನ ಮೇಲೆ ಉದುರಿತು. ಅವಳು ಅದನ್ನು ಊದಿ, ಹಾಜರಿ ಹಾಕಿ, "ಎರಡು," ಎಂದಳು. "ಎಸ್ ಮೇಡಂ."

ಉತ್ತರ ಎಂದರೆ ಹೀಗಿರಬೇಕು. ಚುರುಕಾಗಿ, ಕೈಯೆತ್ತಿ, ಇಗೋ ನಾನೇ ಎಂಬಂತೆ. ಗಂಡ ಯಾವತ್ತೂ ಹೀಗೆ ಉತ್ತರ ಕೊಟ್ಟವನಲ್ಲ. ಆ ಬೆಳಗ್ಗೆ ಏಳೂ ಹತ್ತಕ್ಕೆ, ಅಡುಗೆಮನೆಯಲ್ಲಿ ನಿಂತು, ಎಂದಿನಂತೆ ಕೂಗಿದ್ದಳು, "ರೀ, ಏಳ್ತೀರಾ? ಟೀ ಆಯ್ತು." ಆ ಕಡೆಯಿಂದ ಎಂದಿನಂತೆಯೇ, ನಿದ್ದೆ ಮೆತ್ತಿದ ದನಿಯಲ್ಲಿ, "ಹೂಂ." ಅವಳು ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದಳು. ಏಳೂ ಮುಕ್ಕಾಲಿಗೆ ಹೋಗಿ ಮುಟ್ಟಿದಾಗ ತೋಳು ನೆಲದ ಕಲ್ಲಿನಷ್ಟು ತಣ್ಣಗಿತ್ತು. ಎದುರುಬೀದಿಯ ಡಾಕ್ಟರು ಬಂದು, ಕಣ್ಣರೆಪ್ಪೆ ಬಿಡಿಸಿ ನೋಡಿ, "ಐದರ ಹೊತ್ತಿಗೇ ಹೋಗಿರ್ಬೇಕು, ನಿದ್ದೇಲೇ," ಎಂದರು. "ಇಲ್ಲ, ಏಳು ಗಂಟೆಗೆ ಮಾತಾಡಿದ್ರು." ಡಾಕ್ಟರು ಅವಳ ಮುಖ ನೋಡಿದರು. ಆಮೇಲೆ, ತೀರ್ಪು ಅಲ್ಲಿಂದ ಬರಬೇಕೆಂಬಂತೆ, ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ನೋಡಿದರು. ಅತ್ತೆ ಮಾತಾಡಲಿಲ್ಲ. ಕಾಗದದ ಮೇಲೆ 'ಬೆಳಗಿನ ಐದು, ಅಂದಾಜು' ಎಂದು ಬರೆಯುತ್ತಿದ್ದ ಪೆನ್ನನ್ನು ಅವಳು ಕೈಹಾಕಿ ಹಿಡಿದಳು. "ತಿದ್ದಿ. ಏಳೂ ಹತ್ತು ಅಂತ ಬರೀರಿ. ನಾನು ಕೇಳಿಸ್ಕೊಂಡಿದ್ದೀನಿ." ಪಕ್ಕದ ಮನೆಯಾಕೆ ಅವಳ ಭುಜ ಹಿಡಿದು ಹಿಂದಕ್ಕೆಳೆದು, ಗುಂಪಿಗೆಲ್ಲ ಕೇಳುವಂತೆ ಪಿಸುಗುಟ್ಟಿದರು: "ಶಾಕು, ಪಾಪ." ಆ 'ಪಾಪ' ಎಂಬುದು ಎಂಟು ತಿಂಗಳಾದರೂ ಕೊರಳಿಗೆ ಅಂಟಿಕೊಂಡ ಕೂದಲಿನಂತೆ, ಕಾಣದೆ, ತೆಗೆಯಲಾಗದೆ, ಹಾಗೇ ಇತ್ತು. ಡಾಕ್ಟರು ತಿದ್ದಲಿಲ್ಲ. ಹೀಗಾಗಿ ಅವನು ಎರಡು ಸಲ ಸತ್ತ: ಕಾಗದದಲ್ಲಿ ಐದಕ್ಕೆ, ಅವಳಲ್ಲಿ ಏಳೂ ಹತ್ತರ ನಂತರ ಯಾವಾಗಲೋ. ನಡುವಿನ ಆ ಎರಡು ಗಂಟೆ ಅವಳದು. ಅದನ್ನು ಯಾರಿಗೂ ಬಿಟ್ಟುಕೊಡಲು ಅವಳು ಸಿದ್ಧಳಿರಲಿಲ್ಲ.

"ನಲವತ್ತೊಂದು." "ಎಸ್ ಮೇಡಂ." ರಿಜಿಸ್ಟರು ಮುಚ್ಚಿದಳು.

ಪ್ರಿನ್ಸಿಪಾಲರ ಕೋಣೆಯಲ್ಲಿ ದೊಡ್ಡಮ್ಮನ ಪಟ ಇತ್ತು. ನೂರು ವರ್ಷದ ಹಿಂದೆ ಈ ಮನೆಯನ್ನು ಹೆಣ್ಣುಮಕ್ಕಳ ಓದಿಗೆ ಕೊಟ್ಟ ಮನೆಯೊಡತಿಯನ್ನು ಕಾಲೇಜಿನಲ್ಲಿ ಎಲ್ಲರೂ ಕರೆಯುವುದು ಹಾಗೆಯೇ; ಗಂಡ ಸತ್ತಾಗ ಆಕೆಗೆ ಇಪ್ಪತ್ತೆಂಟು, ಅಂದರೆ ಅವಳಿಗಿಂತ ಒಂದು ವರ್ಷ ಚಿಕ್ಕವಳು, ಆದರೂ ದೊಡ್ಡಮ್ಮ. ಫೋಟೋದ ಮೇಲೆ ಬಣ್ಣ ಹಚ್ಚಿದ ಪಟ. ಮಡಿಲಲ್ಲಿ ಒಂದು ಪುಸ್ತಕ, ಪುಸ್ತಕದ ಮೇಲೆ ಕೈ. ಆ ಕೈಯನ್ನು ನೋಡಿದಾಗಲೆಲ್ಲ ಅವಳಿಗೆ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಇವತ್ತು ತಿಳಿಯಿತು: ಮುಖದ ಬಣ್ಣವೇ ಬೇರೆ, ಕೈಯ ಬಣ್ಣವೇ ಬೇರೆ. ಕೈ ಕಪ್ಪಗೆ, ಗೆಣ್ಣುಗಳು ದಪ್ಪ, ಉಗುರು ಸವೆದದ್ದು. ಯಾರದ್ದೋ ಕೈಯನ್ನು ತಂದು ಜೋಡಿಸಿದ್ದರು.

"ನಾಲ್ಕು ಪುಟ ಚೆನ್ನಾಗಿ ಬಂದಿದೆ," ಪ್ರಿನ್ಸಿಪಾಲರು ಕನ್ನಡಕ ಹಣೆಗೇರಿಸಿದರು. ಶತಮಾನೋತ್ಸವದ ಸಂಚಿಕೆಗೆ ಕಾಲೇಜಿನ ಇತಿಹಾಸ ಬರೆಯುವ ಕೆಲಸ ಅವಳದು. "ಪ್ರೆಸ್ಸಿನವನು ಸಂಜೆ ನಾಲ್ಕಕ್ಕೆ ಬರ್ತಾನೆ. ಫೋಟೋ ಕೆಳಗಿನ ಬಾಕ್ಸು ಮಾತ್ರ ಅರ್ಧ ಬಿಟ್ಟಿದೀಯಲ್ಲ. ಹುಟ್ಟಿದ ವರ್ಷ ಇದೆ, ಹೋದ ವರ್ಷ ಎಲ್ಲಿ?"

"ಸಿಕ್ಕಿಲ್ಲ ಮೇಡಂ. ಯಾವ ಕಾಗದದಲ್ಲೂ ಇಲ್ಲ."

"ಅದ್ಹೇಗೆ? ಇಷ್ಟು ದೊಡ್ಡ ಮನುಷ್ಯರು."

"ಒಂದನೇ ನಂಬರು ಅವರದ್ದೇ ಅಂತ ಮೊದಲನೇ ವರ್ಷದ ರಿಜಿಸ್ಟರಲ್ಲಿ ಹೆಸರಿದೆ. ಮನೆ ಬರೆದುಕೊಟ್ಟು ತಾವೇ ಮೊದಲು ಸೇರಿದ್ರು. ಅಲ್ಲಿಂದ ಇವತ್ತಿನವರೆಗೂ ಎಲ್ಲ ದಿನ ಹಾಜರಿ ಇದೆ." ಆಮೇಲೆ ಸೇರಿಸಿದಳು, "ರಿಜಿಸ್ಟರು ನೋಡಿದ್ರೆ ಅವರು ಇನ್ನೂ ಹೋಗಿಲ್ಲ ಮೇಡಂ."

ಪ್ರಿನ್ಸಿಪಾಲರು ನಕ್ಕರು. ಅರ್ಧಕ್ಕೆ ನಿಲ್ಲಿಸಿ ಪಟದ ಕಡೆ ಒಮ್ಮೆ ನೋಡಿದರು. "ಮೇಲಿನ ರೂಮಲ್ಲಿ ಹಳೇದೆಲ್ಲ ತುಂಬಿದೆ. ಕೀಲಿಯಕ್ಕನ್ನ ಕರ್ಕೊಂಡು ಹೋಗಿ ಹುಡುಕು. ಸಿಗದಿದ್ರೆ ಒಂದು ಅಂದಾಜು ಹಾಕು, ಯಾರು ಬಂದು ಕೇಳ್ತಾರೆ?" ಅವಳು ಬಾಗಿಲು ದಾಟುವಾಗ ಮತ್ತೆ ದನಿ ಬಂತು, ಜೇನು ಸವರಿದಂತೆ: "ಇದೊಂದು ಮುಗಿಸಿಕೊಡು. ನಿನ್ನ ಖಾಯಂ ವಿಷಯ ಕಮಿಟಿ ಮುಂದೆ ಇಡ್ತೀನಿ. ನಿನ್ನಂಥವರಿಗೆ ಒಂದು ಆಧಾರ ಅಂತ ಬೇಕಲ್ಲ." ನಿನ್ನಂಥವರು. ಸ್ಟಾಫ್ ರೂಮಿನಲ್ಲಿ ಅವಳು ಕಾಲಿಟ್ಟೊಡನೆ ನಗು ನಿಲ್ಲುತ್ತದಲ್ಲ, ಯಾರಾದರೂ ಗಂಡನನ್ನು ಬೈಯುತ್ತಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಾರಲ್ಲ, ಆ ಗುಂಪಿನಲ್ಲಿ ಇರುವುದು ಅವಳೊಬ್ಬಳೇ ಎಂದುಕೊಂಡಿದ್ದಳು. ಈಗ ಪಟದ ಹೆಂಗಸೂ ಸೇರಿದಳು. ಇಬ್ಬರಾದರು.

ಕೀಲಿಯಕ್ಕ ಕಾಲೇಜಿನ ಆಯಾ. ಸೊಂಟದಲ್ಲಿ ನಲವತ್ತು ಬೀಗದ ಕೈಗಳ ಗೊಂಚಲು, ಅರವತ್ತರ ಹತ್ತಿರದ ವಯಸ್ಸು, ನಡೆದರೆ ಇಡೀ ಮನೆಗೆ ಗೊತ್ತಾಗುತ್ತಿತ್ತು. ಆಕೆಯನ್ನು ಹೆಸರು ಹಿಡಿದು ಕರೆದವರನ್ನು ಅವಳು ಕಂಡಿರಲಿಲ್ಲ. ಮೇಲಿನ ಕೋಣೆಗೆ ಹೋಗಬೇಕು ಎಂದಾಗ ಕೀಲಿಯಕ್ಕನ ಕೈ ಗೊಂಚಲಿನ ಮೇಲೆ ಹೋಯಿತು, ಮಗುವಿನ ತಲೆ ಮುಚ್ಚುವ ಹಾಗೆ. "ಧೂಳು ಮೇಡಂ ಅಲ್ಲಿ. ನಿಮ್ಮ ಸೀರೆ ಹಾಳಾಗುತ್ತೆ."

"ಆಗ್ಲಿ ಬಿಡಿ."

"ಹಲ್ಲಿ, ಜೇಡ. ಮುರಿದ ಬೆಂಚು. ಏನಿದೆ ಅಂತ?"

"ದಿನಾ ಒಂಬತ್ತೂ ಐದಕ್ಕೆ ಅಲ್ಲಿ ಏನು ಸದ್ದಾಗುತ್ತೆ ಕೀಲಿಯಕ್ಕ?"

ಕೀಲಿಯಕ್ಕ ಮೆಟ್ಟಿಲು ಹತ್ತತೊಡಗಿದಳು. ಮರದ ಮೆಟ್ಟಿಲು, ನಡುವೆ ಸವೆದು ತೊಟ್ಟಿಯಂತಾಗಿತ್ತು. ಎಷ್ಟು ಕಾಲು! ಅವಳ ಗಂಡ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದ; ಬ್ಯಾಂಕಿನಿಂದ ಬಂದು ಬಾಗಿಲ ಹೊರಗೆ ನಿಂತು ಏದುಸಿರು ಅಡಗಿಸಿಕೊಂಡು ಆಮೇಲೆ ಗಂಟೆ ಒತ್ತುತ್ತಿದ್ದ. ಮೂವತ್ತೆರಡಕ್ಕೇ ಏದುಸಿರು ಯಾಕೆ ಎಂದು ಅವಳು ಒಂದು ದಿನವೂ ಕೇಳಲಿಲ್ಲ. ತಮಾಷೆ ಮಾಡಿದ್ದಳು, "ಹೊಟ್ಟೆ ಇಳಿಸಿ," ಎಂದು.

ಬಾಗಿಲು ತೆರೆದಾಗ ಒಳಗಿನ ಗಾಳಿ ಹಳೆಯದಾಗಿರಲಿಲ್ಲ. ಅದೇ ಅವಳಿಗೆ ಮೊದಲು ತಟ್ಟಿದ್ದು. ಯಾರೋ ಈಗತಾನೆ ಎದ್ದು ಹೋದ ಕೋಣೆಯ ಗಾಳಿ. ಮೂರು ಕಾಲಿನ ಬೆಂಚುಗಳು, ಹೊಟ್ಟೆಯೊಡೆದ ಭೂಗೋಳ, ಗೋಡೆಗೆ ಸುರುಳಿ ಒರಗಿಸಿದ ನಕಾಶೆಗಳು, ಎಲ್ಲದರ ಮೇಲೂ ಬೂದಿಯಂಥ ಧೂಳು. ಆದರೆ ಬಾಗಿಲಿನಿಂದ ನಡುವಿನವರೆಗೆ ಒಂದು ಕಾಲುದಾರಿ ಕನ್ನಡಿಯಂತೆ ಸ್ವಚ್ಛವಾಗಿತ್ತು. ದಾರಿಯ ಕೊನೆಗೆ ಆ ಹಲಗೆ. ಹಲಗೆಯ ಪಕ್ಕ ನೆಲದ ಮರ ಒಂದು ಬಟ್ಟಲಿನಷ್ಟು ತಗ್ಗಾಗಿತ್ತು, ಒರಳಿನಂತೆ ನುಣ್ಣಗೆ. ತಗ್ಗಿನ ತಳದಲ್ಲಿ ಹೊಸ ಏಟಿನ ಗುರುತು. ಗೋಡೆಗೆ ಒಂದು ಕೋಲು ಒರಗಿತ್ತು. ಅವಳು ಮೊಣಕಾಲೂರಿ ಹಲಗೆ ಸರಿಸಿ ಕೆಳಗೆ ನೋಡಿದಳು. ಹಜಾರದಲ್ಲಿ ಬೇರೆ ತರಗತಿ ನಡೆಯುತ್ತಿತ್ತು. ನೇರ ಕೆಳಗೆ ಮೇಜು, ಮೇಜಿನ ಮೇಲೆ ತೆರೆದ ರಿಜಿಸ್ಟರು, ಅದರ ಮೇಲೆ ಬಗ್ಗಿದ ಒಂದು ನೆತ್ತಿ, ಬೈತಲೆ. ಮುಖವಿಲ್ಲ. ಇಷ್ಟು ದಿನ ತನ್ನ ಬೈತಲೆಯೂ ಇಲ್ಲಿಂದ ಹೀಗೇ ಕಾಣುತ್ತಿತ್ತು ಎಂದು ಅನ್ನಿಸಿ, ಬೆನ್ನ ಹಿಂದೆ ಯಾರೋ ತಣ್ಣನೆಯ ಬೆರಳಿಂದ ಅದನ್ನು ಸವರಿದಂತಾಯಿತು. ಕೆಳಗಿನ ಉಪನ್ಯಾಸಕಿಯ ಒಂದೊಂದು ಮಾತೂ, ಬಳಪದ ಒಂದೊಂದು ಕೀರಲೂ, ಬಾವಿಯಿಂದ ಬಂದಂತೆ ತುಂಬಿಕೊಂಡು ಮೇಲೆ ಬರುತ್ತಿತ್ತು.

"ದೊಡ್ಡಮ್ಮ ಇಲ್ಲೇ ಕೂತ್ಕೊಂಡು ಪಾಠ ಕೇಳ್ತಿದ್ರಂತೆ," ಎಂದಳು ಕೀಲಿಯಕ್ಕ. "ಮೈದುನಂದಿರು ಕೆಳಗೆ ಕೂರೋಕೆ ಬಿಡ್ಲಿಲ್ಲ. ಪಾಠ ಹೇಳೋನು ಗಂಡಸಲ್ವಾ? ಮನೆ ಬರೆದುಕೊಡ್ತೀನಿ ಅಂದಾಗ ಅವರು ನಕ್ಕು ಒಂದು ಷರತ್ತು ಹಾಕಿದ್ರಂತೆ. ಓದೋ ಹುಚ್ಚು ತಾನೆ ನಿನಗೆ, ಹದಿನೈದು ವರ್ಷ ಒಂದು ದಿನ ತಪ್ಪಿಸ್ದೆ ಓದು ನೋಡೋಣ, ಆಮೇಲೆ ಮನೆ ಕಾಲೇಜಿನದು. ನಡುವೆ ಬಿಟ್ರೆ, ಇಲ್ಲಾ ಸತ್ರೆ, ನಮ್ಮದು ಅಂತ. ಮೇಷ್ಟ್ರು ಕೆಳಗಿಂದ ಒಂದು ಅಂತ ಕೂಗೋರು. ಇವರು ಮಾತಾಡೋ ಹಾಗಿಲ್ಲ. ಕೋಲಲ್ಲಿ ಒಂದ್ಸಲ ತಟ್ಟೋರು."

"ಹದಿನೈದು ವರ್ಷ ಇದ್ರಾ?"

ಕೀಲಿಯಕ್ಕ ಗೋಡೆಯ ಗೂಡಿನಿಂದ ಬಟ್ಟೆ ಸುತ್ತಿದ ಒಂದು ಪುಸ್ತಕ ತೆಗೆದು ಅವಳ ಕೈಗಿಟ್ಟಳು. "ನೀವು ಓದಿದವರು. ನೋಡ್ಕೊಳ್ಳಿ."

ರಟ್ಟಿನ ನೋಟುಪುಸ್ತಕ. ದಿನಾಂಕ ಹಾಕಿ ಬರೆದ ಪಾಠದ ಟಿಪ್ಪಣಿ. ಸಣ್ಣ, ಒತ್ತೊತ್ತಾದ, ಹೆದರಿದಂಥ ಅಕ್ಷರ. ಒಂಬತ್ತನೆಯ ವರ್ಷದ ಒಂದು ಬೆಳಗ್ಗೆ ಅದು ನಿಂತಿತ್ತು: 'ಆ ವರ್ಷ ನದಿಯು ತನ್ನ ಪಾತ್ರವನ್ನು ಬದಲಿಸಿದ್ದರಿಂದ ಪಟ್ಟಣದ ಜನರು'. ಅಷ್ಟೇ. ಜನರು ಏನು ಮಾಡಿದರು ಎಂಬುದಿಲ್ಲ. ಮರುಪುಟದಿಂದ ಬರೀ ಗೀಟುಗಳು. ಸೌದೆ ಜೋಡಿಸಿದಂತೆ, ಒಂದರ ಪಕ್ಕ ಒಂದು, ಉದ್ದುದ್ದ ಗೀಟು. ಪುಟದ ನಂತರ ಪುಟ. ಅವಳು ಎಣಿಸಲಿಲ್ಲ, ಎಣಿಸದೆಯೇ ಗೊತ್ತಾಯಿತು, ದಿನಕ್ಕೊಂದು, ಆರು ವರ್ಷ. ಆಮೇಲೆ ಗೀಟುಗಳು ಮೆಲ್ಲಗೆ ಬಾಗತೊಡಗಿದವು. ಒಂದು ಸುಳಿ, ಒಂದು ಕೊಂಬು. ಕೊನೆಯ ಪುಟಗಳಲ್ಲಿ, ಮಣ್ಣಿನಲ್ಲಿ ಕಡ್ಡಿಯಿಂದ ಗೀರಿದಂಥ ದೊಡ್ಡ ಅಕ್ಷರಗಳು: 'ಆ ವರ್ಷ ನದಿಯು ತನ್ನ ಪಾತ್ರವನ್ನು ಬದಲಿಸಿದ್ದರಿಂದ ಪಟ್ಟಣದ ಜನರು'. ಕೆಳಗೆ ಮತ್ತೆ ಅದೇ. ಮತ್ತೆ ಅದೇ. ನೋಡಿ ಬರೆದದ್ದು. ಪ್ರತಿ ಸಲವೂ ಅದೇ ಜಾಗಕ್ಕೆ ಬಂದು, ಬಾಗಿಲು ಮುಚ್ಚಿದ್ದನ್ನು ಕಂಡವರಂತೆ, ನಿಂತುಬಿಟ್ಟಿತ್ತು.

"ನಮ್ಮ ಮುತ್ತಜ್ಜಿ," ಎಂದಳು ಕೀಲಿಯಕ್ಕ. "ಅವರ ಕೆಲಸದಾಕೆ. ಒಂದಿನ ಬೆಳಗ್ಗೆ ಮೇಷ್ಟ್ರು ಒಂದು ಅಂದಾಗ ದೊಡ್ಡಮ್ಮ ಬರೀತಾ ಬರೀತಾನೇ ಪಕ್ಕಕ್ಕೆ ವಾಲಿದ್ರಂತೆ. ತಟ್ಟೋರಿಲ್ಲ. ಕೆಳಗೆ ಮೇಷ್ಟ್ರು ಕಾಯ್ತಿದಾರೆ. ಮೈದುನಂದಿರು ಹಜಾರದ ಬಾಗಿಲಲ್ಲೇ ಕೂತಿರೋರು ದಿನಾ, ಇವತ್ತು ತಪ್ಪುತ್ತೆ, ನಾಳೆ ತಪ್ಪುತ್ತೆ ಅಂತ. ಕೆಳಗೆ ಹನ್ನೊಂದು ಹುಡುಗೀರು. ಮುತ್ತಜ್ಜಿ ಕೋಲು ತಗೊಂಡು ತಟ್ಟಿಬಿಟ್ಲು. ಇನ್ನೇನು ಮಾಡ್ತಾಳೆ?"

"ಆರು ವರ್ಷ?"

"ಆರು ವರ್ಷ. ಎರಡು ತಟ್ಟೆ ಊಟ ಮೇಲೆ ತಂದು ಎರಡನ್ನೂ ಉಣ್ಣೋಳಂತೆ. ಅವರ ಸೀರೆ ಒಗೆದು ಒಣಗಿಸೋಳು. ಸಂಜೆ ಅವರ ಸೀರೆ ಉಟ್ಟು ಕಿಟಕಿ ಹತ್ರ ನಿಲ್ಲೋಳು, ಕೆಳಗಿಂದ ಕಾಣ್ಲಿ ಅಂತ. ಆ ಪಟಕ್ಕೆ ಬಣ್ಣ ಹಚ್ಚೋನು ಬಂದಾಗಲೂ ಪರದೆ ಸಂದೀಲಿ ಕೈ ಮಾತ್ರ ಹೊರಗಿಟ್ಟು ಕೂತಿದ್ಲಂತೆ."

"ಮೇಷ್ಟ್ರಿಗೆ ಗೊತ್ತಿರ್ಲಿಲ್ವಾ?"

"ಯಾರು ಕೇಳಿದ್ರು? ಅವರು ಕೂಗ್ತಿದ್ರು, ಇವಳು ತಟ್ತಿದ್ಲು."

"ಮತ್ತೆ ದೊಡ್ಡಮ್ಮನ್ನ… ಎಲ್ಲಿಗೆ…"

ಕೀಲಿಯಕ್ಕ ಹಿಂಬದಿಯ ಕಿಟಕಿಯ ಕಡೆ ನೋಡಿದಳು. ಕೆಳಗೆ ಹುಡುಗಿಯರು ಸೈಕಲ್ಲು, ಸ್ಕೂಟರು ನಿಲ್ಲಿಸುವ ಹಿತ್ತಿಲು. ಒಂದು ಮೂಲೆಯಲ್ಲಿ ಮಾತ್ರ, ಅಷ್ಟು ಇಕ್ಕಟ್ಟಿದ್ದರೂ, ಯಾರೂ ಗಾಡಿ ನಿಲ್ಲಿಸಿರಲಿಲ್ಲ. "ನಮ್ಮಮ್ಮ ನನಗೆ ಹೇಳಿದ್ದು ಇಷ್ಟೇ ಮೇಡಂ. ಅವಳ ಅಮ್ಮ ತಟ್ಟಿದ್ಲು, ಅವಳು ತಟ್ಟಿದ್ಲು, ಈಗ ನಾನು. ಹದಿನೈದು ವರ್ಷ ಮುಗಿದು ಮನೆ ಕಾಲೇಜಿಗೆ ಬಂತು, ನಿಲ್ಲಿಸಬಹುದಿತ್ತು. ಆದ್ರೆ ಯಾವತ್ತು ಅಂತ ನಿಲ್ಲಿಸೋದು? ನಿಲ್ಲಿಸಿದ ದಿನವೇ ಅವರು ಹೋದ ದಿನ ಆಗಿಬಿಡುತ್ತಲ್ಲ." ಗೊಂಚಲಿನಿಂದ ಒಂದು ಕೀಲಿ ಬಿಡಿಸಿದಳು. "ನಾಳೆಯಿಂದ ಮೂರು ದಿನ ಮಗಳ ಮನೆಗೆ ಹೋಗ್ತೀನಿ, ಬಾಣಂತಿ. ಇದು ನಿಮ್ಮ ಹತ್ರ ಇರ್ಲಿ. ಬೇರೆ ಯಾರಿಗೂ ಕೊಡ್ಬೇಡಿ."

"ಮೂರು ದಿನ ಯಾರು ತಟ್ತಾರೆ?"

"ಹೋದ ವರ್ಷ ಜ್ವರ ಬಂದು ಎಂಟು ದಿನ ಮಲಗಿದ್ದೆ," ಎಂದಳು ಕೀಲಿಯಕ್ಕ, ಬಾಗಿಲು ಎಳೆಯುತ್ತಾ. "ಯಾರೂ ಏನೂ ವ್ಯತ್ಯಾಸ ಹೇಳ್ಲಿಲ್ಲ."

ಮಧ್ಯಾಹ್ನ ಅವಳು ಸ್ಟಾಫ್ ರೂಮಿನಲ್ಲಿ ಬಾಕ್ಸಿನ ಮುಂದೆ ಕೂತಳು. ಹುಟ್ಟಿದ ವರ್ಷ, ಒಂದು ಸಣ್ಣ ಗೆರೆ, ಆಮೇಲೆ ಖಾಲಿ. ಎರಡು ವರ್ಷಗಳಲ್ಲಿ ಒಂದನ್ನು ಬರೆಯಬೇಕು: ವಾಕ್ಯ ನಿಂತ ವರ್ಷ, ಇಲ್ಲವೆ ಗೀಟುಗಳು ನಿಂತ ವರ್ಷ. ವಿಶ್ವವಿದ್ಯಾಲಯದಲ್ಲಿ ಅವಳಿಗೆ ಕಲಿಸಿದ ಪ್ರೊಫೆಸರು ಹೇಳುತ್ತಿದ್ದರು, ಆಧಾರ ಎಲ್ಲಿ ನಿಲ್ಲುತ್ತದೋ ಅಲ್ಲಿ ಪೆನ್ನೂ ನಿಲ್ಲಬೇಕು ಎಂದು. ಡಾಕ್ಟರರ ಪೆನ್ನು ಹಾಗೆಯೇ ನಿಂತಿತ್ತು. ಬೆಳಗಿನ ಐದು, ಅಂದಾಜು. ಆದರೆ ಆರು ವರ್ಷ ಒಬ್ಬರು ಕೂಗಿದ್ದರು, ಮೇಲಿನಿಂದ ಉತ್ತರ ಬಂದಿತ್ತು, ಹನ್ನೊಂದು ಹುಡುಗಿಯರು ಆ ಉತ್ತರದ ಕೆಳಗೆ ಕೂತು ಓದಿದ್ದರು. ಕೇಳಿಸಿದ್ದು ಕೇಳಿಸಿದ್ದೇ ಅಲ್ಲವೆ? ಅವಳು ಗೀಟುಗಳು ನಿಂತ ವರ್ಷವನ್ನು ಬರೆದಳು. ಬರೆದ ಮೇಲೆ, ಎಂಟು ತಿಂಗಳಲ್ಲಿ ಮೊದಲ ಸಲ, ಕಿವಿಯ ಹತ್ತಿ ಒಂದಿಷ್ಟು ಸಡಿಲವಾದಂತೆ, ಬೀದಿಯ ಹಾರ್ನುಗಳು, ಪಕ್ಕದ ಟೇಬಲ್ಲಿನ ಬಳೆಗಳ ಸದ್ದು, ತನ್ನದೇ ಉಸಿರು, ಎಲ್ಲ ಕೇಳಿಸತೊಡಗಿದವು. "ನೋಡು, ಹುಡುಕಿದ್ರೆ ಸಿಗುತ್ತೆ," ಎಂದರು ಪ್ರಿನ್ಸಿಪಾಲರು.

ಮನೆಯಲ್ಲಿ ಅತ್ತೆ ಪತ್ರಿಕೆಯ ಪದಬಂಧ ಬಿಡಿಸುತ್ತಾ ಕೂತಿದ್ದರು. ದೂರವಾಣಿ ಕಚೇರಿಯಲ್ಲಿ ಮೂವತ್ತು ವರ್ಷ ಆಪರೇಟರಾಗಿದ್ದವರು. ಈಗಲೂ ಬೆನ್ನು ನೆಟ್ಟಗೆ, ಒಂದು ಕಿವಿ ಯಾವುದೋ ಸಾಲಿನ ಮೇಲೆ ಇರುವಂತೆ ತಲೆ ಸ್ವಲ್ಪ ಓರೆ. ದನಿ ದಪ್ಪ. ಮನೆಗೆ ಫೋನ್ ಮಾಡಿದವರು ಎಷ್ಟೋ ಸಲ ಮಗನೆಂದೇ ತಿಳಿದು ಅವರ ಹತ್ತಿರ ಸಾಲದ ಅರ್ಜಿಯ ವಿಷಯ ಮಾತಾಡಿ, ಕೊನೆಗೆ ಬೆಪ್ಪಾಗುತ್ತಿದ್ದರು. ಅವನಿದ್ದಾಗ ಅದೊಂದು ನಗೆಯ ಮಾತಾಗಿತ್ತು.

"ನಾಲ್ಕು ಅಕ್ಷರ, ಹಿಂತಿರುಗಿ ಬರದಿದ್ದು. ಕೊನೇದು ಲ."

"ಗೊತ್ತಿಲ್ಲ ಅತ್ತೆ."

"ಹೋಗ್ಲಿ." ಪೆನ್ಸಿಲು ಕಾಗದದ ಮೇಲೆಯೇ ಇತ್ತು. ಆಮೇಲೆ, ದಿನವೂ ಬರುವ ಪ್ರಶ್ನೆ, ದಿನವೂ ಬರುವ ಹಾಗೆಯೇ, ತಲೆಯೆತ್ತದೆ: "ಅಲ್ಲ, ಅವತ್ತು ಒಂದೇ ಸಲ ಹೂಂ ಅಂದ್ನಾ, ಎರಡು ಸಲ ಅಂದ್ನಾ?"

"ಒಂದೇ ಸಲ."

"ಸರಿಯಾಗಿ ನೆನಪಿದೆಯಾ?"

"ಒಂದೇ ಸಲ ಅತ್ತೆ." ಮಗನ ಕೊನೆಯ ಮಾತನ್ನು ಮುದುಕಿ ಹೀಗೆ ದಿನಾ ತೆಗೆದು, ಒರೆಸಿ, ತಿರುಗಿ ಇಡುತ್ತಾರೆ ಎಂದುಕೊಂಡು ಅವಳು ಸಹಿಸುತ್ತಿದ್ದಳು. ಇವತ್ತು ಸಹಿಸುವುದಕ್ಕಿಂತ ಹೆಚ್ಚಿನದೇನೋ ಕೊಡಬೇಕೆನ್ನಿಸಿತು. ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ದೊಡ್ಡಮ್ಮ, ತೂತು, ಕೋಲು, ಮುತ್ತಜ್ಜಿಯ ಗೀಟುಗಳು. "ಹುಡುಗೀರ ಭಾಷೇಲಿ ಹೇಳಬೇಕಂದ್ರೆ ಆರು ವರ್ಷದ ಪ್ರಾಕ್ಸಿ ಅತ್ತೆ," ಎಂದಾಗ ತನ್ನ ದನಿಯಲ್ಲಿ ನಗು ಇದ್ದುದನ್ನು ಕೇಳಿ ತಾನೇ ಬೆಚ್ಚಿದಳು.

ಅತ್ತೆ ನಗಲಿಲ್ಲ. ಪೆನ್ಸಿಲನ್ನು ಪತ್ರಿಕೆಯ ಮಡಿಕೆಯಲ್ಲಿ ಇಟ್ಟು, ಅದು ಉರುಳದಂತೆ ಬೆರಳಿಂದ ಹಿಡಿದುಕೊಂಡರು.

"ನಾನೂ ಅದೇ ಮಾಡ್ತಿದ್ದೆ."

"ಏನು?"

"ನೀನು ಅಡುಗೆಮನೆಯಿಂದ ಕೂಗ್ತಿದ್ದೆ. ಅವನಿಗೆ ಎಚ್ಚರ ಎಲ್ಲಿರ್ತಿತ್ತು? ಸಣ್ಣವನಿದ್ದಾಗಿಂದ ಹಾಗೇ. ಅವರಪ್ಪ ಕೂಗಿದ್ರೆ ನಾನೇ ಪಕ್ಕದ ರೂಮಿಂದ ಹೂಂ ಅಂದುಬಿಡ್ತಿದ್ದೆ, ಇನ್ನೊಂದು ಹತ್ತು ನಿಮಿಷ ಮಲಗ್ಲಿ ಪಾಪದ್ದು ಅಂತ. ನೀನು ಬಂದ ಮೇಲೂ ಬಿಡ್ಲಿಲ್ಲ. ಎರಡು ವರ್ಷ. ನಿನಗೆ ಗೊತ್ತೇ ಆಗ್ಲಿಲ್ಲ."

"ಅವತ್ತೂ?"

"ಅವತ್ತೂ."

ಗಡಿಯಾರ ಇತ್ತು ಆ ಕೋಣೆಯಲ್ಲಿ. ಅದು ನಡೆಯುತ್ತಲೇ ಇತ್ತು. ಅವಳು ಅತ್ತೆಯ ಕೈ ನೋಡುತ್ತಿದ್ದಳು. ದಪ್ಪ ಗೆಣ್ಣುಗಳು, ಸವೆದ ಉಗುರು. ಅವಳು ಎಂಟು ತಿಂಗಳು ಡಾಕ್ಟರ ವಿರುದ್ಧ, ಪಕ್ಕದ ಮನೆಯವರ ವಿರುದ್ಧ, ಆ ಕಾಗದದ ವಿರುದ್ಧ ಕಾಪಾಡಿಕೊಂಡು ಬಂದ ಎರಡು ಗಂಟೆಯಲ್ಲಿ ಅವನು ಇರಲೇ ಇಲ್ಲ. ಅವನು ಅವಳಿಗೆ ಹೇಳಿದ ಕೊನೆಯ ಮಾತು ಯಾವುದೋ ಹಿಂದಿನ ರಾತ್ರಿಯದು. ಅದೇನು ಎಂದು ಹುಡುಕಿದರೆ ಬಾಗಿಲ ಚಿಲಕದ ಬಗ್ಗೆ ಏನೋ.

"ಅದಕ್ಕೇ ದಿನಾ ಕೇಳೋದು," ಅತ್ತೆಯ ದನಿ ಎಂದಿನಂತೆಯೇ ದಪ್ಪಗೆ, ಎಲ್ಲೂ ನಡುಗದೆ ಬರುತ್ತಿತ್ತು. "ಒಂದೇ ಸಲ ಆಗಿದ್ರೆ ಅದು ನನ್ನದು. ಡಾಕ್ಟರು ಹೇಳಿದ್ದೇ ನಿಜ, ಅಷ್ಟರಲ್ಲಿ ಅವನು ಹೋಗಿದ್ದ, ನಾನು ಹೂಂ ಅಂದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಎರಡು ಸಲ ಆಗಿದ್ರೆ ಒಂದು ಅವನದು. ಏಳು ಗಂಟೆಗೆ ಇದ್ದ. ನೀನು ಒಳಗೆ ಹೋಗಿ ನೋಡ್ತಿದ್ದೆ. ನಾನು ಸುಮ್ಮನಿದ್ದಿದ್ರೆ, ತಕ್ಷಣ ಉತ್ತರ ಬರ್ಲಿಲ್ಲ ಅಂತ ನೀನು ಹೋಗ್ತಿದ್ದೆ."

ಅವಳು ಆ ಬೆಳಗ್ಗೆಗೆ ಹೋದಳು. ಕೂಗಿದಳು. ಹೂಂ. ತಕ್ಷಣ ಕೈ ನಲ್ಲಿಯ ಮೇಲೆ. ನೀರು. ಉಕ್ಕಿನ ಪಾತ್ರೆಯ ತಳಕ್ಕೆ ಬಿದ್ದ ನೀರಿನ ಅಬ್ಬರ. ಆ ಅಬ್ಬರದ ಕೆಳಗೆ ಏನಿತ್ತು? ಏನೂ ಇರಲಿಲ್ಲ. ಇದ್ದಿದ್ದರೂ ಅವಳಿಗೆ ತಿಳಿಯುವ ಹಾಗಿರಲಿಲ್ಲ.

"ಒಂದೇ ಸಲ ಅತ್ತೆ," ಎಂದಳು. "ನನಗೆ ಚೆನ್ನಾಗಿ ನೆನಪಿದೆ."

ಅತ್ತೆ ಪೆನ್ಸಿಲೆತ್ತಿಕೊಂಡು, ಬಿಟ್ಟಿದ್ದ ನಾಲ್ಕು ಚೌಕಗಳಲ್ಲಿ ಏನನ್ನೋ ತುಂಬಿದರು. "ಸರಿ. ಇನ್ನು ಕೇಳಲ್ಲ."

ಮರುದಿನ ಒಂಬತ್ತೂ ಐದಕ್ಕೆ ಅವಳು ರಿಜಿಸ್ಟರು ತೆರೆದಳು. ಕೆಂಪು ಹಸಿರು ಬೆಳಕು ಮೊದಲ ಸಾಲಿನ ಮೇಲಿತ್ತು. ಬಾಗಿಲ ಹೊರಗೆ ಕೀಲಿಗಳ ಸದ್ದಿಲ್ಲ. ಕೀಲಿಯಕ್ಕ ಬೆಳಗಿನ ಬಸ್ಸಿಗೆ ಹೋಗಿದ್ದಳು. ಮೇಲಿನ ಕೋಣೆಯ ಕೀಲಿ ಅವಳ ಕೈಚೀಲದಲ್ಲಿ, ಕರವಸ್ತ್ರದಲ್ಲಿ ಸುತ್ತಿ, ಮೇಜಿನ ಮೇಲೆ ಅವಳ ಕಣ್ಣೆದುರಿಗೇ ಇತ್ತು. "ಒಂದು," ಎಂದಳು. ಉಸಿರು ಒಳಗೆ ಹೋಯಿತು, ಹೊರಗೆ ಬಂತು. ಮೇಲೆ ಏನೂ ಆಗಲಿಲ್ಲ. ಇನ್ನೊಂದು ಉಸಿರು. ಕಿವಿ ಮರೆತಿದ್ದ ಸದ್ದು ಬರದೆ ಹೋದಾಗ ಹುಡುಗಿಯರಿಗೂ ಏನೋ ತಪ್ಪಿದಂತಾಗಿರಬೇಕು. ಪಿಸುಮಾತು ನಿಂತಿತು, ಒಬ್ಬೊಬ್ಬಳೇ ತಲೆಯೆತ್ತಿದಳು. ನಿಲ್ಲಿಸಿದ ದಿನವೇ ಹೋದ ದಿನ ಆಗಿಬಿಡುತ್ತಲ್ಲ. ಪೆನ್ನು ಚೌಕದ ಮೇಲೆ ನಿಂತಿತ್ತು. ಗೈರು ಎಂದು ಹಾಕಿದರೆ ಮುಗಿಯಿತು. ನಿನ್ನೆ ಬರೆದ ವರ್ಷವೂ ಸುಳ್ಳು, ನೂರು ವರ್ಷವೂ ಸುಳ್ಳು, ನಿಜ ಎಂದರೆ ಪಕ್ಕಕ್ಕೆ ವಾಲಿದ ಒಂದು ತಲೆ, ಅರ್ಧ ವಾಕ್ಯ, ತಣ್ಣನೆಯ ತೋಳು. ಅವಳ ಬಲಗೈ ತಾನಾಗಿ ಮಡಿಚಿಕೊಂಡಿತು. ಯಾರಿಗೂ ಕಾಣದಂತೆ, ರಿಜಿಸ್ಟರಿನ ಮರೆಯಲ್ಲಿ, ಬೆರಳ ಗೆಣ್ಣಿನಿಂದ ಮೇಜಿನ ಮರವನ್ನು ತಟ್ಟಿದಳು.

ಟಕ್. ಒಂದೇ ಸಲ.

ಹುಡುಗಿಯರ ಭುಜಗಳು ಸಡಿಲಾದವು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದಳು. ಅವಳು ಹಾಜರಿ ಹಾಕಲು ಬಗ್ಗಿದಳು.

ಆಗ ಮೇಲಿನಿಂದ, ಹಲಗೆಯ ಆಚೆಯಿಂದ, ಒಣಮರದ ಮೇಲೆ ಒಣಮರ: ಟಕ್.

ಧೂಳು ಉಪ್ಪಿನಂತೆ ಚೌಕದ ಮೇಲೆ ಉದುರಿತು. ಇಲ್ಲಿ ಯಾವ ನಲ್ಲಿಯೂ ಹರಿಯುತ್ತಿರಲಿಲ್ಲ, ಕೇಳಿಸಲಿಲ್ಲ ಎನ್ನುವಂತಿರಲಿಲ್ಲ. ಎರಡು ಸಲ ಆಗಿದ್ರೆ ಒಂದು ಅವನದು, ಎಂದಿದ್ದರು ಅತ್ತೆ. ಮುಂದಿನ ಬೆಂಚಿನ ಹುಡುಗಿ ಆಗಲೇ ಕೈಯನ್ನು ಅರ್ಧ ಎತ್ತಿ, ತನ್ನ ನಂಬರು ಕೂಗುವುದನ್ನೇ ಕಾಯುತ್ತಿದ್ದಳು. ಅಂಕಿ ಕಲಿತ ದಿನದಿಂದ ಒಂದರ ನಂತರ ಬರುವುದು ಯಾವುದೆಂದು ಪೆನ್ನು ಹಿಡಿದು ನಿಂತವಳಿಗೆ ಗೊತ್ತಿತ್ತು. ಬಾಯಿ ತೆರೆದಳು. ನಂಬರು ಹೊರಗೆ ಬರಲಿಲ್ಲ.